ಯಾರಿಂದ ಕಲಿತದ್ದು

ವೊಂಜು
೯ ಮಾರ್ಚ್ ೧೯೮೨

ಸಿಯೋಲ್‌ನ ಛಾಂಗ್‌ಸಿನ್ ಬಡಾವಣೆಯ ಹಾ ಯುನ್‌ಬೊಕ್ ಅವರಿಗೆ,

ಮೊನ್ನೆ ಪೇಟೆಯಲ್ಲಿ ಮೀನು ಸುತ್ತಿಕೊಟ್ಟ ಕಾಗದದಲ್ಲಿ ನಿಮ್ಮ ಫೋಟೊ ಇತ್ತು. ಹಳೆಯ ಪತ್ರಿಕೆ, ತಿಂಗಳಾದರೂ ಆಗಿರಬೇಕು. ಮೀನಿನ ನೀರು ತಾಗಿ ಅರ್ಧ ಮುಖ ಅಳಿಸಿಹೋಗಿತ್ತು. ಆದರೂ ನಿಂತ ರೀತಿಯಲ್ಲೇ ಗುರುತು ಸಿಕ್ಕಿತು, ಆಮೇಲೆ ಕೆಳಗೆ ಹೆಸರು ಓದಿದೆ. ಟ್ರಾಮ್ ಓಡಿಸುತ್ತಿದ್ದ ಎಪ್ಪತ್ತನಾಲ್ಕರ ಅಜ್ಜ ಕಾಲೇಜು ಹುಡುಗರಿಗೆ ತೆಕ್ಯೊನ್ ಹೇಳಿಕೊಡುತ್ತಿದ್ದಾರೆ, ಈ ಕಾಲಾಟ ಬಲ್ಲವರು ದೇಶದಲ್ಲಿ ಇನ್ನು ಬೆರಳೆಣಿಕೆಯಷ್ಟೇ ಎಂದು ಬರೆದಿದ್ದರು.

ನಾನು ಗಿಲ್ ಬುನ್‌ಸುನ್. ಸಿಯೋಲ್ ಕೋಟೆಯ ಪೂರ್ವ ಬಾಗಿಲ ಹೊರಗೆ, ಕಸಾಯಿಖಾನೆಯ ಹಿಂದೆ ನಮ್ಮ ಮನೆ ಇತ್ತು. ನಿಮ್ಮ ತಾಯಿಯ ಎಲುಬು ಸಾರಿನ ಅಂಗಡಿಗೆ ನೀವು ದಿನಾ ಬೆಳಗ್ಗೆ ನಮ್ಮಪ್ಪನ ಹತ್ತಿರ ಎಲುಬು ಒಯ್ಯಲು ಬರುತ್ತಿದ್ದಿರಿ. ಇಷ್ಟು ಹೇಳಿದರೆ ನೆನಪಾಗಬಹುದು. ಆಗದಿದ್ದರೆ ಕಾಗದ ಹರಿದು ಒಲೆಗೆ ಹಾಕಿ.

ಎರಡು ಮಾತು ಹೇಳಬೇಕಿತ್ತು.

ಫೋಟೊದಲ್ಲಿ ನಿಮ್ಮ ಕಾಲು ತಪ್ಪಿದೆ. ಮುಂದಿಟ್ಟ ಎಡಗಾಲಿನ ಮೇಲೆ ಭಾರ ಹಾಕಿ ನಿಂತಿದ್ದೀರಿ. ಎದುರಿನವನು ಒದೆಯಲಿ ಎಂದು ಅವನಿಗೆ ಕೊಡುವ ಕಾಲು ಅದು. ಭಾರ ಹಾಕಿ ಊರಿದ ಮೇಲೆ ಅದನ್ನು ಕೊಟ್ಟ ಹಾಗೇನಾಯಿತು? ಆ ಹುಡುಗರೂ ಹಾಗೇ ಕಲಿಯುತ್ತಾರೆ.

ಇನ್ನೊಂದು, ನೀವು ಕಲಿತದ್ದು ಅರಮನೆ ಪಡೆಯ ಯೊಮ್ ಜಮಾದಾರರಿಂದ ಎಂದು ಪತ್ರಿಕೆಯಲ್ಲಿದೆ. ಅದು ಹಾಗೇ ಇರಲಿ. ಇನ್ನು ಮುಂದೆ ಯಾರು ಬಂದು ಕೇಳಿದರೂ ಹಾಗೇ ಹೇಳಿ.

ಉತ್ತರ ಬೇಡ. ಬರೆಯಲೇಬೇಕೆಂದಿದ್ದರೆ ಮನೆಗೆ ಬರೆಯಬೇಡಿ. ಲಕೋಟೆಯ ಹಿಂದೆ ಇರುವುದು ಪೇಟೆಯ ಒಂದು ಹೊಲಿಗೆ ಅಂಗಡಿಯ ವಿಳಾಸ, ಅಂಗಡಿಯವಳು ನನ್ನ ಗೆಳತಿ.

ಬುನ್‌ಸುನ್


ಸಿಯೋಲ್
೨ ಏಪ್ರಿಲ್ ೧೯೮೨

ಬುನ್‌ಸುನ್ ಅವರಿಗೆ,

ನೀನು ಎನ್ನಬೇಕೋ ನೀವು ಎನ್ನಬೇಕೋ ತಿಳಿಯದೆ ಎರಡು ಹಾಳೆ ಹಾಳಾದವು. ನಾನು ಕೊನೆಯ ಸಲ ನೋಡಿದಾಗ ನಿಮಗೆ ಹದಿಮೂರು. ಈಗ ಅರವತ್ತೆಂಟು ಇರಬೇಕು. ನೀವು ಎಂದೇ ಬರೆಯುತ್ತೇನೆ.

ನೆನಪಿದೆಯೇ ಎಂದು ಕೇಳಿದ್ದೀರಿ. ಆ ಅಂಗಳದ ಒಂದೊಂದು ಕಲ್ಲೂ ನೆನಪಿದೆ. ಕಾಗದ ಓದಿ ಮುಗಿಸಿ ಎದ್ದು ನಿಂತು ಎಡಗಾಲು ಮುಂದಿಟ್ಟು ನೋಡಿದೆ. ನೀವು ಹೇಳಿದ್ದು ನಿಜ. ಭಾರ ಮುಂದಿದೆ. ಹಿಂದಕ್ಕೆ ತರೋಣವೆಂದರೆ ಸೊಂಟ ಎಲ್ಲಿ ಹೋಗಬೇಕು, ಮೊಣಕಾಲು ಎಷ್ಟು ಬಾಗಬೇಕು ಗೊತ್ತಾಗಲಿಲ್ಲ. ಸೊಸೆ ಅಡುಗೆಮನೆಯಿಂದ ಇಣುಕಿ, "ಮಾವಾ, ಬೆನ್ನು ಹಿಡ್ಕೊಂಡ್ತಾ?" ಅಂದಳು.

ನನ್ನ ವಿಷಯ ದೊಡ್ಡದೇನಿಲ್ಲ. ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದೆ. ಅರವತ್ತೆಂಟನೇ ಇಸವಿಯಲ್ಲಿ ಟ್ರಾಮ್ ನಿಂತುಹೋಯಿತು, ನಾನೂ ನಿಂತೆ. ಹೆಂಡತಿ ಹೋಗಿ ಆರು ವರ್ಷ. ಹೊತ್ತು ಹೋಗದೆ ಬೆಟ್ಟದ ಬುಡದ ನೀರಿನ ಬುಗ್ಗೆಯ ಹತ್ತಿರ ಹಳೆಯ ಹೆಜ್ಜೆ ಹಾಕುತ್ತಿದ್ದೆ. ಯಾರೋ ಕಾಲೇಜಿನವರು ನೋಡಿದರು, ಅಲ್ಲಿಂದ ಶುರು. ಈಗ ಅಳಿದುಹೋಗುತ್ತಿರುವ ವಿದ್ಯೆಗಳ ಸಮೀಕ್ಷೆ ಮಾಡುವ ತಾಕ್ ಎನ್ನುವವರು ಪ್ರತಿ ಮಂಗಳವಾರ ಟೇಪ್ ರೆಕಾರ್ಡರ್ ಹೊತ್ತು ಬರುತ್ತಾರೆ. ಮೂವತ್ತೈದರ ಆಸುಪಾಸು, ತುಂಬ ಶ್ರದ್ಧೆ.

"ಅಜ್ಜಾ, ಇದು ಸಾವಿರದೈನೂರು ವರ್ಷದ ಹಿಂದೆ ರಾಜರ ಪಡೆಯಲ್ಲಿ ಕಲಿಸ್ತಿದ್ರಂತಲ್ಲ?" ಎಂದು ಕೇಳಿದರು.

"ಇರಬಹುದಪ್ಪ. ನಾನು ನೋಡಿದ್ದು ಚಪ್ಪಲಿ ಹೊಲಿಯೋರು, ಸೌದೆ ಮಾರೋರು ಹಬ್ಬದ ಸಂಜೆ ಬೀದೀಲಿ ಆಡಿದ್ದು," ಎಂದೆ. ಅವರಿಗೆ ಸ್ವಲ್ಪ ನಿರಾಸೆಯಾಯಿತು.

ಅವರ ಹತ್ತಿರ ಒಂದು ನಮೂನೆ ಇದೆ. ಅದರಲ್ಲಿ "ಯಾರಿಂದ ಕಲಿತದ್ದು" ಎಂದು ಒಂದು ಕಾಲಂ. ಅಲ್ಲಿ ನಾನು ಯೊಮ್ ಜಮಾದಾರರ ಹೆಸರು ಬರೆಸಿದ್ದೇನೆ. ಅವರು ಬಿಲ್ಲು ಹೊಡೆಯುತ್ತಿದ್ದರು, ಕುಡಿಯುತ್ತಿದ್ದರು, ಒಬ್ಬರ ಮೇಲೂ ಕಾಲು ಎತ್ತಿದ್ದನ್ನು ನಾನು ಕಂಡಿಲ್ಲ. ಹತ್ತೊಂಬತ್ತು ವಯಸ್ಸಿನಲ್ಲಿ ಒಮ್ಮೆ ಹೇಳಿದ ಸುಳ್ಳು, ಐವತ್ತೈದು ವರ್ಷ ಅದನ್ನೇ ಹೇಳಿಕೊಂಡು ಬಂದೆ. ಈಗ ಪತ್ರಿಕೆ ನೋಡಿ ಜಮಾದಾರರ ಮೊಮ್ಮಗ ಹುಡುಕಿಕೊಂಡು ಬಂದಿದ್ದಾನೆ. "ಯೊಮ್ ಮನೆತನದ ತೆಕ್ಯೊನ್" ಎಂದು ವ್ಯಾಯಾಮಶಾಲೆಗೆ ಬೋರ್ಡು ಬರೆಸಿದ್ದಾನೆ. ನನ್ನನ್ನು ತಾತಾ ಎಂದು ಕರೆಯುತ್ತಾನೆ, ಹಣ್ಣಿನ ಬುಟ್ಟಿ ತರುತ್ತಾನೆ. ಅವನ ಮುಖ ನೋಡಲು ನನಗಾಗುವುದಿಲ್ಲ.

ನಮೂನೆ ಇನ್ನೂ ಮೇಲಕ್ಕೆ ಹೋಗಿಲ್ಲ. ಅಲ್ಲಿ ನಿಮ್ಮಪ್ಪನ ಹೆಸರು ಬರೆಸಬೇಕೆಂದಿದ್ದೇನೆ. ಗಿಲ್ ಚಾದೊಲ್ ಎಂದು. ನಿಮ್ಮ ಒಪ್ಪಿಗೆ ಬೇಕು.

ಹಾಗೇ ಆ ಕಾಲಿನ ವಿಷಯ ಸ್ವಲ್ಪ ಬಿಡಿಸಿ ಬರೆಯಿರಿ. ನಿಮಗೆ ಅದು ಹೇಗೆ ಗೊತ್ತು?

ಹಾ ಯುನ್‌ಬೊಕ್


ವೊಂಜು
೧೧ ಮೇ ೧೯೮೨

ಯುನ್‌ಬೊಕಣ್ಣನವರಿಗೆ,

ಒಪ್ಪಿಗೆ ಇಲ್ಲ. ನೀವೇ ಅಂಗಳದಲ್ಲಿ ಬೂದಿ ಹರವಿ ಕಡ್ಡಿಯಲ್ಲಿ ಗೀಚಿ ಕಲಿಸಿದ ಅಕ್ಷರಗಳಲ್ಲೇ ಬರೆಯುತ್ತಿದ್ದೇನೆ, ಓದಲು ಕಷ್ಟವಾಗದು. ಬೇಡ.

ಕಾರಣ ಕೇಳಿ. ಅಪ್ಪನ ಮನೆ ದಾಖಲೆಯಲ್ಲಿ ಹೆಸರಿನ ಮೇಲೆ ಕೆಂಪು ಚುಕ್ಕೆ ಇತ್ತು, ದನ ಕಡಿಯುವ ಕುಲ ಎಂದು. ನನ್ನನ್ನು ಶಾಲೆಗೆ ಸೇರಿಸಲು ಕರೆದೊಯ್ದಾಗ ಮೇಷ್ಟರು ಆ ಚುಕ್ಕೆ ನೋಡಿ ಪುಸ್ತಕ ಮುಚ್ಚಿದರು. ಅಪ್ಪ ಬಾಗಿ ನಮಸ್ಕಾರ ಮಾಡಿ ನನ್ನ ಕೈ ಹಿಡಿದು ವಾಪಸು ಬಂದರು.

ಹದಿನೆಂಟಕ್ಕೆ ನನ್ನ ಮದುವೆಯಾಯಿತು. ನಮ್ಮವರು ರೈಲು ಹಳಿ ಹಾಕುವ ಕೆಲಸದಲ್ಲಿದ್ದರು, ನಮ್ಮ ಕುಲದವರಲ್ಲ. ಎಲ್ಲ ತಿಳಿದೇ ಮಾಡಿಕೊಂಡರು. ಹೊಸ ಹಳಿಯ ಜೊತೆ ವೊಂಜುವಿಗೆ ಬಂದಾಗ ನೆರೆಯವರು, ಹೆಂಡತಿಯ ತವರು ಎಲ್ಲಿ ಎಂದು ಕೇಳಿದರು. "ಕೈಸೊಂಗ್. ಮಾವನವರದು ಬೇರು-ನಾರಿನ ಅಂಗಡಿ," ಎಂದುಬಿಟ್ಟರು. ಯುದ್ಧದಲ್ಲಿ ಹಳೆಯ ದಾಖಲೆಗಳೆಲ್ಲ ಸುಟ್ಟವು. ಕೈಸೊಂಗ್ ಉತ್ತರದವರ ಪಾಲಾಯಿತು. ಇನ್ನು ಯಾರೂ ಅಲ್ಲಿಗೆ ಹೋಗಿ ವಿಚಾರಿಸುವ ಹಾಗಿಲ್ಲ. ಜನ ಗಡಿಗಾಗಿ ಅತ್ತರು, ನಾನು ಅವತ್ತು ಸಮಾಧಾನದಿಂದ ಉಸಿರುಬಿಟ್ಟೆ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ನನ್ನ ಮಗ ಇನ್‌ಸಿಕ್ ಇಲ್ಲಿ ಮಾಧ್ಯಮಿಕ ಶಾಲೆಯಲ್ಲಿ ಉಪಮುಖ್ಯೋಪಾಧ್ಯಾಯ. ಅವನಿಗೆ ಏನೂ ಗೊತ್ತಿಲ್ಲ. ಮೊಮ್ಮಗಳು ಮ್ಯೊಂಗ್‌ಹೀಗೆ ಆಂದೊಂಗ್ ಕಡೆಯ ದೊಡ್ಡ ಮನೆತನದ ಸಂಬಂಧ ಕೂಡಿಬಂದಿದೆ. ಗಂಡಿನ ಮನೆಯವರು ಹದಿನಾಲ್ಕು ತಲೆಮಾರಿನ ಹಿರಿಯರ ಹೆಸರು ಬಾಯಿಪಾಠ ಒಪ್ಪಿಸುವವರು. ಈಗ ನೀವು ಸರ್ಕಾರದ ಕಾಗದದಲ್ಲಿ ಗಿಲ್ ಚಾದೊಲ್ ಎಂದು ಬರೆಸಿ, ಯಾವ ಪತ್ರಿಕೆಯವನೋ ಅವರ ಮಗಳು ಎಲ್ಲಿದ್ದಾಳೆ ಎಂದು ಹುಡುಕಿಕೊಂಡು ಬಂದರೆ?

ಕಾಲಿನ ವಿಷಯ. ನನಗೆ ಹೇಗೆ ಗೊತ್ತು ಎಂದಿರಿ. ನೀವು ಬರುವುದು ನಿಂತುಹೋಯಿತಲ್ಲ, ಆ ಬೇಸಿಗೆಯ ದಾನೊ ಹಬ್ಬದ ಮರುದಿನದಿಂದ ಎಲುಬಿಗೆ ನಿಮ್ಮ ತಮ್ಮ ಬರತೊಡಗಿದ. ಒಂದು ವಾರ ಅಪ್ಪ ಸಂಜೆ ಒಬ್ಬರೇ ಹೆಜ್ಜೆ ಹಾಕಿದರು. ಎಂಟನೆಯ ದಿನ ನನ್ನನ್ನು ಕರೆದು, "ಬಾರೇ, ಎದುರಿಗೆ ನಿಂತ್ಕೋ. ಎದುರಿಗೆ ಯಾರಾದ್ರೂ ಇಲ್ದೆ ಇದು ಕುಣಿತ ಆಗ್ಬಿಡತ್ತೆ," ಅಂದರು. ಮದುವೆಯಾಗಿ ಹೋಗುವವರೆಗೆ ಐದು ವರ್ಷ ನಿಂತೆ. ನಿಮ್ಮದು ನಾಲ್ಕೇ ವರ್ಷ. ಭಾರ ಹಿಂದಿನ ಕಾಲಿಗೆ ತರುವುದನ್ನು ಅವರು ಕೊನೆಗೆ ಹೇಳಿಕೊಡುತ್ತಿದ್ದರು, ಅದಕ್ಕೆ ಮೊದಲೇ ನೀವು ಹೊರಟುಹೋದಿರಿ.

ಕೆಳಹೊಟ್ಟೆ ಮುಂದಕ್ಕೆ ತನ್ನಿ, ಬೆನ್ನು ಬಾಗಿಸಬೇಡಿ, ಹಿಂದಿನ ಮೊಣಕಾಲು ಬಾಗಲಿ. ಮುಂದಿನ ಪಾದದ ಕೆಳಗೆ ಕಾಗದ ಇಟ್ಟರೆ ಎಳೆದುಕೊಳ್ಳುವ ಹಾಗಿರಬೇಕು. ನಿಂತು ನೋಡಿ. ಬೀಳಬೇಡಿ.

ಬುನ್‌ಸುನ್


ಸಿಯೋಲ್
೨೬ ಜೂನ್ ೧೯೮೨

ಬುನ್‌ಸುನ್ ಅವರಿಗೆ,

ನಿನ್ನೆ ದಾನೊ ಹಬ್ಬ. ಹುಡುಗರು ಬೆಟ್ಟದ ಬುಡದಲ್ಲಿ ಆಡಿದರು, ಮುನ್ನೂರು ಜನ ಸೇರಿದ್ದರು. ಕಾಗದ ಇಟ್ಟು ಎಳೆಯುವುದು ನನಗೆ ಬಂದಿದೆ, ಆದರೆ ನಿಂತಲ್ಲೇ. ಒದ್ದ ಮೇಲೆ ಆ ನಿಲುವಿಗೆ ಮರಳಲು ಆಗುತ್ತಿಲ್ಲ.

ನೀವು ಕೇಳದಿದ್ದರೂ ಐವತ್ತೈದು ವರ್ಷದ ಹಿಂದಿನ ಆ ದಾನೊ ಸಂಜೆಯ ವಿಷಯ ಬರೆಯಬೇಕು.

ಮೇಲಿನ ಪೇಟೆಗೂ ನಮ್ಮ ಕೆಳಗಿನ ಪೇಟೆಗೂ ಪಂದ್ಯ. ಮೊದಲು ಚಿಕ್ಕ ಮಕ್ಕಳು ಆಡಿದರು, ಆಮೇಲೆ ದೊಡ್ಡವರು. ಗೆದ್ದವನು ಕಣದಲ್ಲೇ ನಿಲ್ಲಬೇಕು, ಮುಂದಿನವನು ಬರುತ್ತಾನೆ. ನಾನು ಸಾಲಾಗಿ ಮೂವರನ್ನು ಬೀಳಿಸಿದೆ. ಮೂರನೆಯವನು ಮೇಲಿನ ಪೇಟೆಯ ಹೆಸರಾಂತ ಆಳು, ನನಗಿಂತ ಒಂದು ತಲೆ ಎತ್ತರ. ಮುಂದಿಟ್ಟ ಅವನ ಕಾಲಿನ ಹಿಂಗಡೆಗೆ ನನ್ನ ಪಾದ ಕೊಕ್ಕೆ ಹಾಕಿ, ಎದೆಗೆ ಅಂಗೈ ತಾಗಿಸಿದೆ. ಕೂತುಬಿಟ್ಟ. ನಿಮ್ಮಪ್ಪ ಸಾವಿರ ಸಲ ಮಾಡಿಸಿದ ವರಸೆ. ಮೂಳೆ ಮುರಿಯುವಂತೆ ಒದೆಯುವುದು ಯಾರಿಗಾದರೂ ಬರುತ್ತದೆ, ನೋಯಿಸದೆ ಕೆಡಹುವುದೇ ಕೆಲಸ ಎಂದು ಅವರು ಹೇಳುತ್ತಿದ್ದರು.

ಕುದುರೆಗೂದಲಿನ ಟೋಪಿ ಹಾಕಿಕೊಂಡ ಮೇಲಿನ ಪೇಟೆಯ ಹಿರಿಯರೊಬ್ಬರು ಮುಂದೆ ಬಂದು, ಎಲ್ಲರಿಗೂ ಕೇಳುವ ಹಾಗೆ, "ಯಾರ ಹತ್ರ ಕಲಿತ್ಯೋ ಹುಡುಗಾ?" ಎಂದರು. ನಿಮ್ಮಪ್ಪ ಗುಂಪಿನ ಹಿಂದೆ ನಿಂತಿದ್ದರು. ಅವರ ಎರಡೂ ಪಕ್ಕ ಒಂದೊಂದು ಮಾರು ಜಾಗ ಖಾಲಿ ಬಿಟ್ಟು ಜನ ನಿಂತಿದ್ದರು, ಹಾಗಾಗಿ ಅವರು ಎದ್ದು ಕಾಣುತ್ತಿದ್ದರು. ನಾನು ಅವರನ್ನು ನೋಡಿದೆ. ಅವರೂ ನನ್ನನ್ನು ನೋಡಿದರು. ನಾನು ಹೇಳಿದೆ, "ಯೊಮ್ ಜಮಾದಾರ್ರ ಹತ್ರ." ಜಮಾದಾರರು ಸತ್ತು ವರ್ಷವಾಗಿತ್ತು, ಅಲ್ಲವೆನ್ನಲು ಯಾರೂ ಇರಲಿಲ್ಲ. ಎಲ್ಲರೂ ಹೌದೌದು ಎಂದು ತಲೆಯಾಡಿಸಿದರು. ಮತ್ತೆ ನೋಡಿದಾಗ ನಿಮ್ಮಪ್ಪ ಅಲ್ಲಿರಲಿಲ್ಲ.

ಅದಾದ ಮೇಲೆ ಅಂಗಳಕ್ಕೆ ಬರಲು ನನಗೆ ಮುಖವಿರಲಿಲ್ಲ. ನಾಚಿಕೆ ಇದ್ದದ್ದು ನಿಜ. ನಾನು ಅಲ್ಲಿಗೆ ಹೋಗುವುದನ್ನು ಯಾರಾದರೂ ನೋಡಿಯಾರು ಎಂಬ ಹೆದರಿಕೆಯೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಬೇಡಿ.

ಮಂಗಳವಾರ ತಾಕ್ ಅವರಿಗೆ ಜಮಾದಾರರ ಹೆಸರು ಹೊಡೆದುಹಾಕಿ ಎಂದೆ.

"ಮತ್ತೆ ಯಾರ ಹೆಸರು ಬರೀಲಿ?"

"ಖಾಲಿ ಬಿಡಿ."

"ಖಾಲಿ ಬಿಟ್ರೆ ಕಡತ ಮುಂದಕ್ಕೆ ಹೋಗಲ್ಲ ಅಜ್ಜಾ. ಅಕ್ಟೋಬರ್ ಇಪ್ಪತ್ಮೂರಕ್ಕೆ ಪಂಡಿತರ ಸಮಿತಿ ಮುಂದೆ ಆಡಿ ತೋರಿಸ್ಬೇಕು. ಪರಂಪರೆ ಇಲ್ದಿದ್ರೆ, ಬೆಟ್ಟದ ಬುಡದಲ್ಲಿ ಅಜ್ಜ ಒಬ್ರು ಕಸರತ್ತು ಮಾಡ್ತಿದ್ರು ಅಂತ ಬರೆದು ಮುಗಿಸ್ತಾರೆ."

ಹಾಗೇ ಬರೆಯಲಿ. ಸುಳ್ಳನ್ನು ಇನ್ನೊಂದು ಸಲ ಹೇಳುವುದಿಲ್ಲ. ನೀವು ಬೇಡವೆಂದ ಮೇಲೆ ನಿಜವನ್ನೂ ಹೇಳುವುದಿಲ್ಲ. ನೀವು ನೆಮ್ಮದಿಯಾಗಿರಿ.

ಮೊಮ್ಮಗಳ ಮದುವೆ ಸಾಂಗವಾಗಿ ನಡೆಯಲಿ.

ಹಾ ಯುನ್‌ಬೊಕ್


ಸಿಯೋಲ್
೨೦ ಆಗಸ್ಟ್ ೧೯೮೨

ಬುನ್‌ಸುನ್ ಅವರಿಗೆ,

ಎರಡು ತಿಂಗಳಾಯಿತು. ಹಿಂದಿನ ಕಾಗದ ತಲುಪಿತೋ ಇಲ್ಲವೋ. ನನ್ನ ಮಾತಿನಿಂದ ಬೇಸರವಾಗಿದ್ದರೆ ಒಂದು ಸಾಲು ಬರೆದು ಬೈಯಿರಿ. ಹುಷಾರು ತಪ್ಪಿದ್ದರೆ ಹೊಲಿಗೆ ಅಂಗಡಿಯವರ ಕೈಲಾದರೂ ಬರೆಸಿ.

ಜಮಾದಾರರ ಮೊಮ್ಮಗನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ನಿಮ್ಮ ತಂದೆಯ ಹೆಸರು ಹೇಳಲಿಲ್ಲ, ಅವನ ತಾತ ನನಗೆ ಕಲಿಸಲಿಲ್ಲ ಎಂದಷ್ಟೇ. "ವಯಸ್ಸಾಯ್ತು, ಅರಳು ಮರಳು," ಎಂದ ನನ್ನ ಸೊಸೆಯ ಕಡೆ ತಿರುಗಿ. ಈಗ ಹಣ್ಣು ಬರುವುದು ನಿಂತಿದೆ.

ಬಲ ಮೊಣಕಾಲು ಊದಿದೆ. ಹೆದರುವಂಥದ್ದಲ್ಲ.

ಯುನ್‌ಬೊಕ್


ವೊಂಜು
೧೪ ಸೆಪ್ಟೆಂಬರ್ ೧೯೮೨

ಯುನ್‌ಬೊಕಣ್ಣನವರಿಗೆ,

ಎರಡೂ ಕಾಗದ ತಲುಪಿವೆ. ಮೊದಲನೆಯದು ನನಗಿಂತ ಮುಂಚೆ ನನ್ನ ಮಗನಿಗೆ ತಲುಪಿತು.

ಜುಲೈ ಮೊದಲ ವಾರ ನನಗೆ ಜ್ವರ. ಪೇಟೆಗೆ ಹೋಗಲಿಲ್ಲ. ಹೊಲಿಗೆ ಅಂಗಡಿಯವಳು ನೋಡಿಕೊಂಡು ಹೋಗಲು ಬಂದವಳು ಲಕೋಟೆಯನ್ನು ಇನ್‌ಸಿಕ್ ಕೈಗೆ ಕೊಟ್ಟುಹೋದಳು. ಅವಳದೇನೂ ತಪ್ಪಿಲ್ಲ, ನಾನು ಅವಳಿಗೆ ಗುಟ್ಟು ಎಂದು ಹೇಳಿರಲಿಲ್ಲ. ಹೇಳಿದರೆ ಯಾಕೆ ಎನ್ನುತ್ತಿದ್ದಳು. ಇನ್‌ಸಿಕ್ ಯಾವುದೋ ಗಂಡಸಿನ ಕೈಬರಹ ನೋಡಿ, ಯಾರೋ ಮುದುಕಿಗೆ ಮೋಸ ಮಾಡುತ್ತಿದ್ದಾರೆ ಎಂದುಕೊಂಡು ಒಡೆದನಂತೆ.

ಹಾಸಿಗೆಯ ಪಕ್ಕ ಬಂದು ಕೂತ. ಮಡಿಲಲ್ಲಿ ಕಾಗದ.

"ಅಮ್ಮಾ, ಇದೇನು?"

"ಓದಿದ್ಯಲ್ಲ. ಮತ್ತೇನು ಕೇಳ್ತೀಯ?"

"ಕೈಸೊಂಗಿನ ತಾತ?"

"ಅಂಥವರು ಇರ್ಲಿಲ್ಲ."

"ಬೇರು-ನಾರಿನ ಅಂಗಡಿ?"

"ಅದೂ ಇರ್ಲಿಲ್ಲ."

ಅವನು ಕಾಗದ ಮಡಿಚಿ ಲಕೋಟೆಯೊಳಗೆ ಹಾಕಿದ. ಆಮೇಲೆ ಹೇಳಿದ, "ನಾನು ನೀತಿ ಪಾಠ ಮಾಡೋನು ಅಮ್ಮಾ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ನಮ್ಮ ತಾತನ ಕತೆ ಹೇಳಿದ್ದೀನಿ. ತಕ್ಕಡೀಲಿ ಒಂದೆಳೆ ಜಿನ್‌ಸೆಂಗ್ ಬೇರೂ ಕಮ್ಮಿ ತೂಗದ ಪ್ರಾಮಾಣಿಕ ತಾತ ಅಂತ."

ನನಗೆ ಜ್ವರದಲ್ಲೂ ನಗು ಬಂತು. ನಗಬಾರದಿತ್ತು. ಅವನು ಎದ್ದು ಹೋದ.

ಹದಿನೈದು ದಿನ ನನ್ನ ಹತ್ತಿರ ಊಟ-ತಿಂಡಿಯ ಮಾತು ಬಿಟ್ಟು ಬೇರೆ ಮಾತಿಲ್ಲ. ಅಮ್ಮ ಅನ್ನುವುದನ್ನೂ ಬಿಟ್ಟ. "ಅನ್ನ ಆಗಿದೆ", "ಮಾತ್ರೆ ಇಲ್ಲಿದೆ", ಇಷ್ಟೆ. ಆಮೇಲೆ ಒಂದು ಭಾನುವಾರ ಬಂದು ತಾನಾಗಿಯೇ ಕೇಳಿದ, "ತಾತ ಯಾವಾಗ ಹೋದ್ರು?"

ನಿಮಗೂ ಇದು ಗೊತ್ತಿಲ್ಲ. ಅಪ್ಪ ತೀರಿಕೊಂಡದ್ದು ನಲವತ್ತಮೂರರ ಚಳಿಗಾಲದಲ್ಲಿ. ಚಿಕ್ಕಪ್ಪ ತಂತಿ ಕಳಿಸಿದ್ದ. ನಾನು ಹೋಗಲಿಲ್ಲ. ಕೈಸೊಂಗಿನಲ್ಲಿರಬೇಕಾದ ತಂದೆ ಸಿಯೋಲ್‌ನಲ್ಲಿ ಸತ್ತರೆ ಅತ್ತೆಗೆ, ನೆರೆಯವರಿಗೆ ಏನು ಹೇಳಲಿ? ನಮ್ಮವರು, "ಹೋಗಿ ಬಾ, ಏನಾದ್ರೂ ಹೇಳ್ತೀನಿ," ಎಂದರು. ನಾನೇ ಬೇಡ ಎಂದೆ. ನೀವು ಒಂದು ಸಂಜೆ ಅವರು ಗುರು ಅಲ್ಲವೆಂದಿರಿ, ನಾನು ಹೆಣ ಹೊರುವ ದಿನ ಅವರು ಅಪ್ಪನೇ ಅಲ್ಲವೆಂದೆ. ಅದಕ್ಕೇ ಯಾರ ಮೇಲೂ ಸಿಟ್ಟು ಮಾಡುವ ಹಕ್ಕು ನನಗಿಲ್ಲ.

ಇನ್‌ಸಿಕ್‌ಗೆ ಆಗ ಆರು ವರ್ಷ. "ನಂಗೆ ನೆನಪಿದೆ," ಎಂದ. "ನೀನು ಒಲೆ ಮುಂದೆ ಕೂತು ಅಳ್ತಿದ್ದೆ. ಯಾಕಮ್ಮಾ ಅಂದ್ರೆ, ಹೊಗೆ ಅಂದೆ."

ಅವನು ಮ್ಯೊಂಗ್‌ಹೀಗೂ ಹೇಳಿಬಿಟ್ಟ. ಆ ಹುಡುಗಿ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತಳು. ಏನು ಕೇಳುತ್ತಾಳೋ ಎಂದು ನಾನು ತಿರುಗಿ ನೋಡದೆ ಪಾತ್ರೆ ಉಜ್ಜುತ್ತಲೇ ಇದ್ದೆ. "ಅಜ್ಜಿ, ಕಾಲು ಹೆಂಗಿಡೋದು, ತೋರ್ಸು," ಎಂದಳು. ಐವತ್ತು ವರ್ಷವಾಗಿತ್ತು. ತೋರಿಸಿದೆ. ಕಿಮ್ಚಿಗೆ ಉಪ್ಪು ಹಾಕಿಟ್ಟ ಎಲೆಕೋಸಿನ ಬೋಗುಣಿ ಮಗುಚಿತು, ಸೊಸೆ ಬಂದು ಇಬ್ಬರಿಗೂ ಬೈದಳು. ಕಾಲು ಮಾತ್ರ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು.

ಅಕ್ಟೋಬರಿನಲ್ಲಿ ನಾನು ಬರುತ್ತೇನೆ. ಎದುರಿಗೆ ನಾನು ನಿಲ್ಲುತ್ತೇನೆ. ಆ ಕಾಲಂ ನಾನೇ ತುಂಬುತ್ತೇನೆ ಎಂದು ನಿಮ್ಮ ತಾಕ್ ಅವರಿಗೆ ಹೇಳಿ. ಮ್ಯೊಂಗ್‌ಹೀ ಜೊತೆಗೆ ಬರುತ್ತಾಳೆ. ಇನ್‌ಸಿಕ್ ಬರುವುದಿಲ್ಲ. "ನೀನು ಹೋಗೋದನ್ನ ನಾನು ತಡೆಯಲ್ಲ. ಆದ್ರೆ ಅಲ್ಲಿ ಬಂದು ಕೂತ್ಕೊಂಡು ನೋಡು ಅನ್ಬೇಡ," ಎಂದಿದ್ದಾನೆ. ಅಷ್ಟೇ ದೊಡ್ಡದು.

ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಕಾಯಿಸಿ ಇಡಿ. ನಾಟಕ ಬೇಡ, ಊತ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಬುನ್‌ಸುನ್


ವೊಂಜು
೨೮ ನವೆಂಬರ್ ೧೯೮೨

ಮಾನ್ಯ ಹಾ ಯುನ್‌ಬೊಕ್ ಅವರಿಗೆ,

ನಾನು ಗಿಲ್ ಬುನ್‌ಸುನ್ ಅವರ ಮಗ, ಬಾನ್ ಇನ್‌ಸಿಕ್. ನಿಮ್ಮ ಕಾಗದವನ್ನು ಒಡೆದು ಓದಿದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ.

ತಾಯಿ ಸಿಯೋಲ್‌ಗೆ ಹೊರಡುವ ಹಿಂದಿನ ವಾರ ನಾನು ಆಂದೊಂಗ್‌ಗೆ ಹೋಗಿ ಬೀಗರಾಗಬೇಕಿದ್ದವರಿಗೆ ವಿಷಯ ತಿಳಿಸಿದೆ. ಪತ್ರಿಕೆಯಲ್ಲಿ ಓದುವುದಕ್ಕಿಂತ ನನ್ನ ಬಾಯಿಂದ ಕೇಳುವುದು ಸರಿಯೆನಿಸಿತು. ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು, ಊಟ ಹಾಕಿದರು, ಬಸ್ ನಿಲ್ದಾಣದವರೆಗೆ ಬಂದು ಕಳಿಸಿದರು. ಹತ್ತು ದಿನದ ಮೇಲೆ, ಹುಡುಗ-ಹುಡುಗಿಯ ಜಾತಕ ಕೂಡುವುದಿಲ್ಲವಂತೆ ಎಂದು ಹೇಳಿ ಕಳಿಸಿದರು. ಮಾರ್ಚ್‌ನಲ್ಲಿ ಕೂಡಿದ್ದ ಜಾತಕ. ಮಗಳು ಅಳಲಿಲ್ಲ ಎಂದು ನಾನು ಬರೆಯಲಾರೆ. ಅಜ್ಜಿಯ ಮೇಲೆ ಮಾತ್ರ ಒಂದು ದಿನವೂ ಮುನಿಸಿಕೊಂಡಿಲ್ಲ. ಅವಳ ವಯಸ್ಸಿನಲ್ಲಿ ನನಗೆ ಅಷ್ಟು ತಿಳುವಳಿಕೆ ಇರಲಿಲ್ಲ, ಈಗಲೂ ಇದೆಯೋ ಇಲ್ಲವೋ.

ನಾನು ಅಂದು ಬರಲಿಲ್ಲ. ಬರಬೇಕಿತ್ತು. ಅಲ್ಲಿ ಏನಾಯಿತು ಎಂದು ತಾಯಿಯನ್ನು ಕೇಳಿದರೆ, "ಮುದುಕ ಬಿದ್ದ, ಎದ್ದ," ಎನ್ನುತ್ತಾರೆ. ಮಗಳು ಎದ್ದು ಕಾಲಿಟ್ಟು ತೋರಿಸುತ್ತಾಳೆ, ನನಗೆ ಅರ್ಥವಾಗುವುದಿಲ್ಲ. ನೀವಾದರೂ ಬರೆಯಿರಿ.

ಇನ್ನೊಂದು ಕೋರಿಕೆ ಇದೆ. ತಾತನ ಒಂದು ಚಿತ್ರವೂ ನಮ್ಮಲ್ಲಿಲ್ಲ. ನಲವತ್ತು ವರ್ಷ ಬೇರು-ನಾರಿನ ಅಂಗಡಿಯಲ್ಲಿ ಬಿಳಿ ಗಡ್ಡ ಬಿಟ್ಟು ಕೂತ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅವರು ಈಗ ಇಲ್ಲ, ಅಲ್ಲಿ ಯಾರೂ ಇಲ್ಲ. ತಾಯಿ ಕಾಲಿನ ಬಗ್ಗೆ ಎಷ್ಟು ಬೇಕಾದರೂ ಹೇಳುತ್ತಾರೆ, ಮುಖ ಹೇಗಿತ್ತು ಎಂದರೆ ಎದ್ದು ಹೋಗುತ್ತಾರೆ. ತಾಯಿಯನ್ನು ಬಿಟ್ಟರೆ ಅವರನ್ನು ಕಂಡವರು ನೀವೊಬ್ಬರೇ ಉಳಿದಿದ್ದೀರಿ. ನಿಮಗೆ ತೊಂದರೆಯಾಗದಿದ್ದರೆ, ಅವರು ಹೇಗಿದ್ದರು ಎಂದು ಬರೆಯುತ್ತೀರಾ?

ತಮ್ಮ ವಿಧೇಯ,
ಬಾನ್ ಇನ್‌ಸಿಕ್


ಸಿಯೋಲ್
೯ ಡಿಸೆಂಬರ್ ೧೯೮೨

ಇನ್‌ಸಿಕ್ ಮೇಷ್ಟರಿಗೆ,

ಅಂದು ನಡೆದದ್ದನ್ನು ಮೊದಲು ಹೇಳುತ್ತೇನೆ.

ದೊಡ್ಡ ಹಜಾರ. ಮೇಜಿನ ಹಿಂದೆ ಐವರು ಪಂಡಿತರು. ನಿಮ್ಮ ತಾಯಿ ರಬ್ಬರ್ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಬಿಳಿ ಕಾಲುಚೀಲದಲ್ಲಿ ನಡುವೆ ಬಂದು ನಿಂತರು. ಮಧ್ಯದಲ್ಲಿ ಕೂತಿದ್ದವರು ಕೇಳಿದರು, "ಹೆಂಗಸರೂ ಇದನ್ನ ಆಡ್ತಿದ್ರಾ?"

"ಆಡ್ತಿರ್ಲಿಲ್ಲ. ನಾನು ಆಡ್ದೆ," ಎಂದರು.

ಆಟ ಶುರುವಾಯಿತು. ಅವರು ಎಡಗಾಲು ಮುಂದಿಟ್ಟರು. ನಾನು ಅದರ ಹಿಂಗಡೆಗೆ ಕೊಕ್ಕೆ ಹಾಕಲು ಪಾದ ಬೀಸಿದೆ. ಕಾಲು ಅಲ್ಲಿರಲಿಲ್ಲ. ಅವರ ಭಾರವೆಲ್ಲ ಹಿಂದೆ ಇತ್ತು, ಮುಂದಿನ ಕಾಲು ಗಾಳಿಯಂತೆ ಎದ್ದು ನನ್ನ ಎದೆಯ ಮೇಲೆ ಅಂಗೈಯಷ್ಟು ಹಗುರವಾಗಿ ತಾಗಿತು. ನಾನು ನೆಲದ ಮೇಲೆ ಕೂತಿದ್ದೆ. ನೋವೇ ಆಗಲಿಲ್ಲ. ಅವರು ಬಗ್ಗಿ, "ಏಳಣ್ಣ, ಇನ್ನೊಂದ್ಸಲ," ಎಂದರು. ಒಟ್ಟು ನಾಲ್ಕು ಸಲ ಕೂತೆ. ನನ್ನ ಕಾಲೇಜು ಹುಡುಗರು ಮೊದಲು ನಕ್ಕರು, ಆಮೇಲೆ ನಗಲಿಲ್ಲ.

ಕೊನೆಗೆ ತಾಕ್ ಅವರು ನಮೂನೆ ತೆಗೆದು ಪ್ರಶ್ನೆ ಓದಿದರು. ನಿಮ್ಮ ತಾಯಿಗೆ ಇನ್ನೂ ಏದುಸಿರು.

"ಬರ್ಕೊಳ್ಳಿ. ಗಿಲ್ ಚಾದೊಲ್. ನಮ್ಮಪ್ಪ. ಪೂರ್ವ ಬಾಗಿಲ ಹೊರಗೆ ದನ ಕಡಿಯೋ ಕಸುಬು."

"ಕಸುಬು ಬೇಕಾಗಿಲ್ಲಮ್ಮ," ಎಂದರು ತಾಕ್, ಮೆತ್ತಗೆ. "ಅದಕ್ಕೆ ಕಾಲಂ ಇಲ್ಲ."

"ಇಲ್ದಿದ್ರೆ ಪಕ್ಕದಲ್ಲಿ ಬರೀರಿ. ಜಾಗ ಇದ್ಯಲ್ಲ."

ಅವರು ಬರೆದರು. ಬರೆದದ್ದನ್ನು ತಿರುಗಿಸಿ ತೋರಿಸಿ ಎಂದು ನಿಮ್ಮ ತಾಯಿ ಕೇಳಿ, ಒಂದೊಂದೇ ಅಕ್ಷರ ಓದಿಕೊಂಡರು. ಸಮಿತಿ ಇನ್ನೂ ಏನನ್ನೂ ತೀರ್ಮಾನಿಸಿಲ್ಲ. ಜಮಾದಾರರ ಮೊಮ್ಮಗ ತಕರಾರು ಅರ್ಜಿ ಹಾಕಿದ್ದಾನೆ, ವಿಚಾರಣೆ ವರ್ಷವಾದರೂ ಹಿಡಿಯುತ್ತದಂತೆ. ನಾನು ಅಷ್ಟು ದಿನ ಇರುತ್ತೇನೋ ಇಲ್ಲವೋ. ಹೆಸರು ಮಾತ್ರ ಕಾಗದದಲ್ಲಿದೆ.

ಇನ್ನು ನಿಮ್ಮ ತಾತ. ಎತ್ತರವಿರಲಿಲ್ಲ. ಅಗಲ ಮುಖ, ಹುಬ್ಬು ತೆಳು. ಎಡಗೆನ್ನೆಯಲ್ಲಿ ಸಿಡುಬಿನ ಕಲೆ ನಾಲ್ಕೋ ಐದೋ. ಮಾತು ಕಡಿಮೆ. ನಗುವಾಗ ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ ನಗುತ್ತಿದ್ದರು, ಮುಂದಿನ ಹಲ್ಲೊಂದು ಇರಲಿಲ್ಲ. ಕೆಲಸ ಮುಗಿದ ಮೇಲೆ ಬೂದಿ ಹಚ್ಚಿ ಮೊಣಕೈವರೆಗೆ ಮೂರು ಸಲ ತೊಳೆದುಕೊಳ್ಳದೆ ಮಗಳನ್ನು ಮುಟ್ಟುತ್ತಿರಲಿಲ್ಲ. ನನ್ನನ್ನು ಬೀದಿಯ ಹುಡುಗರು ಹೊಡೆದು ಎಲುಬಿನ ಬುಟ್ಟಿ ಚೆಲ್ಲಿದ ದಿನ, ಎಲುಬುಗಳನ್ನು ಒಂದೊಂದಾಗಿ ಆಯ್ದು ತೊಳೆದು ಕೊಟ್ಟು, "ಲೇ, ನಾಳೆ ಸಂಜೆ ಬಾ, ನಿಂತ್ಕೊಳ್ಳೋದು ಹೇಳ್ಕೊಡ್ತೀನಿ," ಎಂದರು. ಅಂಗಳದೊಳಗೆ ನಾನು ಅವರಿಗೆ ಲೇ. ಹೊರಗೆ ಎದುರಾದರೆ ಅವರು ತಲೆ ತಗ್ಗಿಸಿ ನನಗೆ ಬಹುವಚನ ಹಚ್ಚುತ್ತಿದ್ದರು. ಅವರ ಕುಲದವರು ನಮ್ಮ ಪೇಟೆಯ ಮಕ್ಕಳಿಗೂ ಹಾಗೇ ಮಾತಾಡಬೇಕಿತ್ತು. ನನಗೆ ಆಗ ಅದು ಸಹಜವೆನಿಸುತ್ತಿತ್ತು.

ಇನ್ನೊಂದು ಸಂಗತಿ ಇದೆ. ಯಾರಿಗೂ ಹೇಳಿಲ್ಲ.

ದಾನೊ ಹಬ್ಬದ ಮರುದಿನ ಬೆಳಗ್ಗೆ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದೆ. ಮೈಯೆಲ್ಲ ನೋವು. ಹಿಂಬಾಗಿಲಲ್ಲಿ ಅವರ ದನಿ ಕೇಳಿಸಿತು. ಅಮ್ಮನ ಜೊತೆ ಮಾತಾಡುತ್ತಿದ್ದರು.

"ನಿನ್ನೆ ಚಿಕ್ಕ ಯಜಮಾನ್ರು ಬಹಳ ಚೆನ್ನಾಗಿ ಆಡಿದ್ರು ತಾಯಿ. ಇವತ್ತು ಮೈ ಕೈ ನೋವಿರತ್ತೆ. ಇದು ಎದೆ ಮಾಂಸ, ಒಳ್ಳೇದು ನೋಡಿ ತಂದಿದ್ದೀನಿ. ಸಾರು ಮಾಡಿ ಕೊಡಿ."

ಅಮ್ಮ ಬೆಲೆ ಕೇಳಿದಳು. ಬೇಡ ಎಂದರು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು, ಅವರ ಹುಲ್ಲಿನ ಚಪ್ಪಲಿಯ ಸದ್ದು ತಕ್ಷಣ ಕೇಳಿಸಲಿಲ್ಲ. ನಡುವೆ ಇದ್ದದ್ದು ಒಂದು ಕಾಗದ ಅಂಟಿಸಿದ ಬಾಗಿಲು. ನಾನು ಎದ್ದು ಕೂತಿದ್ದೆ. ತೆರೆಯಲಿಲ್ಲ. ಆಮೇಲೆ ಅವರು ಹೋದರು.

ಮಧ್ಯಾಹ್ನ ಅಮ್ಮ ಸಾರು ಮಾಡಿದಳು. ಎರಡು ಬಟ್ಟಲು ಕುಡಿದೆ.

ಇದನ್ನು ನಿಮ್ಮ ತಾಯಿಗೆ ಹೇಳುವ ಧೈರ್ಯ ನನಗೆ ಅಕ್ಟೋಬರಿನಲ್ಲೂ ಬರಲಿಲ್ಲ. ನೀವು ಕೇಳಿದ್ದರಿಂದ ನಿಮಗೆ ಬರೆದಿದ್ದೇನೆ. ಹೇಳಬೇಕೆನಿಸಿದರೆ ನೀವೇ ಹೇಳಿ.

ಹಾ ಯುನ್‌ಬೊಕ್